ದೋಸೆ ತೋರಿಸಿ ಕಳಿಸಬೇಡಿ

ಪರಊರಿನಿಂದ ಬಂದವರನ್ನು ಬೆಂಗಳೂರಿನಲ್ಲಿ ಊಟಕ್ಕೆ ಎಲ್ಲಿಗೆ ಕರೆದುಕೊಂಡು ಹೋಗಬೇಕು ಎಂಬ ಪ್ರಶ್ನೆಗೆ ಈ ನಗರದ ವಿದ್ಯಾವಂತರಲ್ಲಿ ಉತ್ತರ ಎಂದೋ ಸಿದ್ಧವಾಗಿದೆ. ಬಸವನಗುಡಿಯವರಾದರೆ ಗಾಂಧಿಬಜಾರಿನ ವಿದ್ಯಾರ್ಥಿ ಭವನ, ಮಲ್ಲೇಶ್ವರದವರಾದರೆ ಸಿ.ಟಿ.ಆರ್.; ಎರಡು ಕಡೆಯವರೂ ಒಪ್ಪಬೇಕಾದರೆ ಲಾಲ್‌ಬಾಗ್ ರಸ್ತೆಯ ಎಂ.ಟಿ.ಆರ್. ಸಂಜೆಯಾಯಿತೋ, ವಿಶ್ವೇಶ್ವರಪುರದ ತಿಂಡಿ ಬೀದಿ. ಈ ಪಟ್ಟಿಯ ಬಗ್ಗೆ ಸೊಲ್ಲೆತ್ತಿದವನು ಬೆಂಗಳೂರಿನ ದ್ರೋಹಿ. ಆ ದ್ರೋಹವನ್ನು ಮಾಡಲು ನಾನು ಇಂದು ಹೊರಟಿದ್ದೇನೆ. ಪ್ರಶ್ನೆ ಊಟದ್ದು, ಉತ್ತರವೆಲ್ಲ ತಿಂಡಿಯದು ಎಂಬುದೇ ನನ್ನ ತಕರಾರು.

ತಪ್ಪು ತಿಳಿಯಬಾರದು. ದೋಸೆಯ ಮೇಲೆ ನನಗೆ ಹಗೆಯಿಲ್ಲ. ಕೆಂಪಗೆ ಗರಿಯಾಗಿ ಬೆಂದ ಮಸಾಲೆ ದೋಸೆಯನ್ನು ಬೇಡವೆನ್ನುವಷ್ಟು ವೈರಾಗ್ಯ ನನಗಿನ್ನೂ ಬಂದಿಲ್ಲ. ಆದರೆ ಅದು ತಿಂಡಿ, ಊಟವಲ್ಲ. ಬೆಂಗಳೂರಿನಲ್ಲಿ ಈ ವ್ಯತ್ಯಾಸ ಅಳಿಸಿಹೋಗಿರಬಹುದು, ಬಯಲುಸೀಮೆಯಲ್ಲಿ ಅಳಿಸಿಲ್ಲ.

ನಾನು ತಳಕಿನ ಕಡೆಯವನು. ಚಳ್ಳಕೆರೆಯಿಂದ ಬಳ್ಳಾರಿಯ ದಾರಿ ಹಿಡಿದರೆ ಸಿಕ್ಕುವ ಊರು ಅದು. ಸಾಹಿತ್ಯದ ಪುಟ ಓದುವವರಿಗೆ ಹೊಸ ಹೆಸರೇನಲ್ಲ, ತ.ರಾ.ಸು. ಅವರ ಹೆಸರಿನ ಮೊದಲಕ್ಷರವೇ ಆ ಊರು. ಕುವೆಂಪು ತಮ್ಮ 'ಶ್ರೀ ರಾಮಾಯಣ ದರ್ಶನಂ' ಅನ್ನು ಅರ್ಪಿಸಿದ ಗುರು ಟಿ.ಎಸ್. ವೆಂಕಣ್ಣಯ್ಯನವರೂ ಅಲ್ಲಿಯ ಮನೆತನದವರೇ. ಹೆಸರು ಪುಸ್ತಕಗಳಲ್ಲಿ ಹಸುರಾಗಿದ್ದರೂ ನೆಲ ಮಾತ್ರ ಒಣನೆಲ. ರಾಜ್ಯದಲ್ಲಿ ಅತಿ ಕಡಮೆ ಮಳೆ ಬೀಳುವ ತಾಲ್ಲೂಕುಗಳನ್ನು ಎಣಿಸಹೊರಟರೆ ಚಳ್ಳಕೆರೆ, ಮೊಳಕಾಲ್ಮೂರುಗಳ ಹೆಸರು ಮೊದಲ ಸಾಲಿನಲ್ಲೇ ಬರುತ್ತದೆ. ಅಂಥ ಕಡೆ ಹೊಟ್ಟೆಯ ವಿಷಯದಲ್ಲಿ ಜನ ತಮಾಷೆ ಮಾಡುವುದಿಲ್ಲ. ಎದುರಿಗೆ ಸಿಕ್ಕವರನ್ನು ಮೊದಲು ಕೇಳುವುದೇ "ಉಂಡ್ಯಾ?" ಎಂದು. ಹೊಲಕ್ಕೆ ಇಳಿಯುವ ಮುಂಚೆ ಮುದ್ದೆಯೋ ರೊಟ್ಟಿಯೋ, ಹೊಟ್ಟೆಯಲ್ಲಿ ನಿಲ್ಲುವಂಥದು ಬೀಳಬೇಕು. ತಿಂಡಿ ಎಂಬುದು ಜಾತ್ರೆಯ ಮಾತು. ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿಯ ತೇರಿನ ದಿನ ಮಂಡಕ್ಕಿ ಮೆಣಸಿನಕಾಯಿ ತಿಂದು ಬಂದವನು, ನನ್ನದು ಊಟವಾಯಿತು ಎಂದು ಯಾವ ಮನೆಯಲ್ಲೂ ಹೇಳುವುದಿಲ್ಲ.

ನನ್ನ ಸ್ನೇಹಿತನೊಬ್ಬನ ದೊಡ್ಡಪ್ಪ ಆಸ್ಪತ್ರೆಯ ಕೆಲಸಕ್ಕೆಂದು ಆ ಕಡೆಯಿಂದ ಬಂದರು. ಬಳ್ಳಾರಿಯ ರಾತ್ರಿ ಬಸ್ಸು ಹತ್ತಿ ನಸುಕಿನಲ್ಲಿ ಮೆಜೆಸ್ಟಿಕ್ಕಿನಲ್ಲಿ ಇಳಿದವರು. ಸ್ನೇಹಿತ ಅವರನ್ನು ಹೆಸರುವಾಸಿಯಾದ ಒಂದು ಹೋಟೆಲಿಗೆ ಕರೆದೊಯ್ದ, ನಾನೂ ಜೊತೆಗಿದ್ದೆ. ಭಾನುವಾರ ಬೇರೆ. ಮುಕ್ಕಾಲು ಗಂಟೆ ಬಾಗಿಲಲ್ಲಿ ನಿಂತೆವು. ಒಳಗೆ ಹೋದಮೇಲೆ ನಮ್ಮ ಕುರ್ಚಿಯ ಹಿಂದೆ ಮುಂದಿನ ಸರದಿಯವರು ಬಂದು ನಿಂತರು. ದೊಡ್ಡಪ್ಪ ದೋಸೆ ತಿಂದರು, ಚಟ್ನಿಯನ್ನು ಮೆಚ್ಚಿದರು, ಕಾಫಿ ಕುಡಿದರು. ಸ್ನೇಹಿತ ಆ ಹೋಟೆಲಿನ ಚರಿತ್ರೆಯನ್ನೆಲ್ಲ ವರ್ಣಿಸಿದ. ಎಲ್ಲವನ್ನೂ ಸಮಾಧಾನದಿಂದ ಕೇಳಿ, ಹೊರಗೆ ಬಂದು ಚಪ್ಪಲಿ ಸರಿಮಾಡಿಕೊಳ್ಳುತ್ತ ಅವರು ಅಂದದ್ದು ಇಷ್ಟೇ: "ಚೆನ್ನಾಗೈತೆ ಕಣಪ್ಪ. ಊಟ ಎಷ್ಟೊತ್ತಿಗೆ?"

ಸ್ನೇಹಿತ ನಕ್ಕುಬಿಟ್ಟ. ನನಗೆ ನಗು ಬರಲಿಲ್ಲ. ಹತ್ತು ಗಂಟೆ ದಾಟಿತ್ತು. ಆಸ್ಪತ್ರೆಯಲ್ಲಿ ಇನ್ನು ಎಷ್ಟು ಹೊತ್ತು ಕೂರಬೇಕೋ ದೇವರೇ ಬಲ್ಲ.

ಬೆಂಗಳೂರು ತಿಂಡಿಯ ಊರಾದದ್ದಕ್ಕೆ ಕಾರಣಗಳಿಲ್ಲದಿಲ್ಲ. ಕರಾವಳಿಯಿಂದ ಬಂದ ಮಯ್ಯ ಸಹೋದರರು ೧೯೨೪ರಲ್ಲಿ ಆರಂಭಿಸಿದ ಉಪಾಹಾರ ಗೃಹವೇ ಮುಂದೆ ಎಂ.ಟಿ.ಆರ್. ಆಯಿತು. ಹೆಸರಿನಲ್ಲೇ ಇದೆಯಲ್ಲ, ಮಾವಳ್ಳಿ ಟಿಫಿನ್ ರೂಮ್. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಕ್ಕಿಗೆ ಬರ ಬಂದಾಗ ರವೆಯಲ್ಲಿ ಇಡ್ಲಿ ಮಾಡಿದ್ದೂ ತಾವೇ ಎಂದು ಆ ಮನೆಯವರು ಹೇಳುತ್ತಾರೆ. ೧೯೪೩ರ ವಿದ್ಯಾರ್ಥಿ ಭವನ, ಹೆಸರೇ ಹೇಳುವಂತೆ, ವಿದ್ಯಾರ್ಥಿಗಳ ಹೊಟ್ಟೆಗೂ ಜೇಬಿಗೂ ಹೊಂದುವಂತೆ ಹುಟ್ಟಿದ್ದು. ೧೯೮೦ರ ದಶಕದಲ್ಲಿ ದರ್ಶಿನಿಗಳು ಬಂದವು. ಕುರ್ಚಿಯೂ ಹೋಯಿತು, ನಿಂತೇ ತಿನ್ನುವುದಾಯಿತು. ಕಾಲೇಜಿನ ಹುಡುಗ, ಕಚೇರಿಯ ಗುಮಾಸ್ತ, ಇವರ ಅರ್ಧ ಗಂಟೆಯ ಬಿಡುವಿಗೆ ಹೊಲಿದ ಅಂಗಿ ಇದು. ಅವರಿಗೆ ಚೆನ್ನಾಗಿಯೇ ಹೊಂದಿತು. ಅದೇ ಅಂಗಿಯನ್ನು ಇನ್ನೂರು ಕಿಲೋಮೀಟರಿಗೂ ಹೆಚ್ಚು ದೂರ ಬಸ್ಸಿನಲ್ಲಿ ಬಂದ ರೈತನಿಗೆ ತೊಡಿಸಿ, ಹೇಗಿದೆ ನೋಡಿ ಎನ್ನುವುದು ಯಾವ ನ್ಯಾಯ? (ಎಂ.ಟಿ.ಆರ್.ನಲ್ಲಿ ಮಧ್ಯಾಹ್ನದ ಊಟವೂ ಉಂಟು, ಪುಷ್ಕಳವಾಗಿಯೇ ಉಂಟು. ಆದರೆ ನೆಂಟರನ್ನು ಅಲ್ಲಿಗೆ ಕರೆದೊಯ್ಯುವವರ ಕಣ್ಣು ರವೆ ಇಡ್ಲಿಯ ಮೇಲೆಯೇ.)

ಬಂದವರು ಯಾರು, ಏತಕ್ಕೆ ಬಂದರು ಎಂಬುದನ್ನು ನಾವು ಯೋಚಿಸುವುದೇ ಇಲ್ಲ. ಚಳ್ಳಕೆರೆಯ ಕಡೆಯಿಂದ ಬೆಂಗಳೂರಿಗೆ ಬರುವವರು ಬಹುಮಟ್ಟಿಗೆ ವಿಹಾರಕ್ಕೆ ಬರುವವರಲ್ಲ. ಕಿದ್ವಾಯಿ, ಜಯದೇವ, ನಿಮ್ಹಾನ್ಸ್ ಆಸ್ಪತ್ರೆಗಳಿಗೆ ಬರುತ್ತಾರೆ, ಹೈಕೋರ್ಟಿಗೆ ಬರುತ್ತಾರೆ, ಮಗನ ಪರೀಕ್ಷೆಗೋ ಮಗಳ ಸಂದರ್ಶನಕ್ಕೋ ಜೊತೆಗೆ ಬರುತ್ತಾರೆ. ಅವರ ಮನಸ್ಸಿನಲ್ಲಿ ಚಿಂತೆಯಿದೆ, ಕೈಯಲ್ಲಿ ಚೀಲವಿದೆ. ಅವರಿಗೆ ಬೇಕಾದದ್ದು ಕೂರಲು ಜಾಗ, ಕುಡಿಯಲು ನೀರು, ಕೇಳಿದರೆ ಇನ್ನೊಂದು ಸಲ ಬಡಿಸುವ ಕೈ. ನಾವು ಮಾಡುವುದೋ, ನಮ್ಮ ಕಾಲೇಜು ದಿನಗಳ ನೆನಪನ್ನು ಅವರ ತಟ್ಟೆಗೆ ಹಾಕಿ ತಿನ್ನಿ ಎನ್ನುವುದು. ೨೦೧೭ರಲ್ಲಿ ಇಂದಿರಾ ಕ್ಯಾಂಟೀನುಗಳು ತೆರೆದಾಗ ಐದು ರೂಪಾಯಿಗೆ ತಿಂಡಿ, ಹತ್ತು ರೂಪಾಯಿಗೆ ಊಟ ಎಂದು ಬೇರೆಬೇರೆಯಾಗಿ ಬರೆದು ಹಾಕಿದರು. ತಿಂಡಿಯಾದ ಮೇಲೂ ಊಟವೊಂದು ಉಳಿದಿರುತ್ತದೆ ಎಂಬ ತಿಳಿವಳಿಕೆ ಸರ್ಕಾರಕ್ಕೇ ಇದೆ.

ಇತ್ತೀಚೆಗೆ ಇನ್ನೊಂದು ವಿನೋದ ಕಾಣುತ್ತಿದ್ದೇನೆ. ವಿಶ್ವಸಂಸ್ಥೆ ೨೦೨೩ನ್ನು ಸಿರಿಧಾನ್ಯಗಳ ವರ್ಷವೆಂದು ಸಾರಿದ ಮೇಲೆ ನವಣೆಗೂ ಸಜ್ಜೆಗೂ ನಗರದಲ್ಲಿ ಭಾರಿ ಮರ್ಯಾದೆ ಬಂದಿದೆ. ತಣ್ಣನೆಯ ಕೋಣೆ, ಮಣ್ಣಿನ ಬಟ್ಟಲು, ಬಟ್ಟಲಿನ ತಳದಲ್ಲಿ ಹಿಡಿಯಷ್ಟು ನವಣೆಯನ್ನ, ಮೇಲೆ ನಾಲ್ಕು ಎಲೆ, ಬೆಲೆ ಕೇಳಬೇಡಿ. "ನಿಮ್ಮ ಊರಿನ ಆಹಾರವೇ" ಎಂದು ನೆಂಟರನ್ನು ಅಲ್ಲಿಗೆ ಕರೆದೊಯ್ಯುವ ಉತ್ಸಾಹಿಗಳೂ ಹುಟ್ಟಿದ್ದಾರೆ. ಸ್ವಾಮಿ, ನಮ್ಮ ಕಡೆ ನವಣೆ ಉಂಡದ್ದು ಮಳೆಯಿಲ್ಲದೆಯೂ ಅದೊಂದು ಬರುತ್ತಿತ್ತೆಂದು. ಅನ್ನ ಹಬ್ಬದ ಊಟವಾಗಿತ್ತು. ಆಮೇಲೆ ಶೇಂಗಾ ಬಂದು ಹೊಲಗಳನ್ನು ಹಿಡಿಯಿತು, ಚಳ್ಳಕೆರೆ ಎಣ್ಣೆಗಿರಣಿಗಳ ಊರೆಂದು ಹೆಸರಾಯಿತು, ನವಣೆ ಹಿಂದೆ ಸರಿಯಿತು. ಬಡತನದಲ್ಲಿ ಉಂಡದ್ದನ್ನು ಬಟ್ಟಲಿನಲ್ಲಿ ಅಲಂಕರಿಸಿ ಕೊಟ್ಟು, ಅವರಿಂದ ಹೊಗಳಿಕೆಯನ್ನೂ ಬೇಡುವುದು ಅತಿಥಿಸತ್ಕಾರವಲ್ಲ. ಬಿಳಿ ಅನ್ನ, ತಿಳಿಸಾರು ಬೇಕು ಎಂದು ಆ ಹಿರಿಯರು ಹೇಳಿದರೆ ಅದೇ ಅವರ ಊಟ.

ಹಾಗಾದರೆ ಎಲ್ಲಿಗೆ ಹೋಗೋಣ ಎನ್ನುತ್ತೀರಿ. ಊಟದ ಮನೆಗಳು ಬೆಂಗಳೂರಿನಲ್ಲಿ ಇಲ್ಲದಿಲ್ಲ; ನಾವು ತೋರಿಸುವ ಪಟ್ಟಿಯಲ್ಲಿ ಇಲ್ಲ, ಅಷ್ಟೇ. ಮುದ್ದೆ, ಸೊಪ್ಪಿನ ಸಾರು ಬಡಿಸುವ ಹೋಟೆಲುಗಳು ಮಾರುಕಟ್ಟೆಗಳ ಸುತ್ತ, ಬಸ್ ನಿಲ್ದಾಣಗಳ ಹಿಂದಿನ ಗಲ್ಲಿಗಳಲ್ಲಿ ಇವೆ. ಜೋಳದ ರೊಟ್ಟಿಯ ಖಾನಾವಳಿಗಳು ಈಗ ಬಡಾವಣೆಗೊಂದರಂತೆ ಆಗಿವೆ. ರೊಟ್ಟಿ ತಟ್ಟುವ ಸದ್ದು ಬೀದಿಗೆ ಕೇಳಿಸುವಂಥದನ್ನು ಆರಿಸಿಕೊಂಡರೆ ಸಾಕು. ಇನ್ನು ಮಿಲಿಟರಿ ಹೋಟೆಲುಗಳು. ಈ ಹೆಸರು ತೆಗೆದರೆ ನಮ್ಮ ಮಧ್ಯಮವರ್ಗದ ಮನೆಗಳಲ್ಲಿ ಮುಖಗಳು ಬೇರೆಯಾಗುತ್ತವೆ. ನಿಜ ಹೇಳಬೇಕಾದ ಜಾಗ ಇದು. ಚಳ್ಳಕೆರೆ ಮೊಳಕಾಲ್ಮೂರಿನ ಸೀಮೆ ನಾಯಕರ, ಗೊಲ್ಲರ, ಕುರುಬರ ಸೀಮೆ. ಅಲ್ಲಿಂದ ಬರುವವರಲ್ಲಿ ಬಹಳ ಮಂದಿಗೆ ಮುದ್ದೆಯ ಜೊತೆ ಬಾಡಿನ ಸಾರು ಸಿಕ್ಕರೆ ಅದು ಸಂತೋಷದ ದಿನ. ಆದರೂ "ಬೆಂಗಳೂರಿನ ಪ್ರಸಿದ್ಧ ಊಟ" ಎಂದು ನಾವು ಹೇಳಿದಾಗ ಅದು ತಾನಾಗಿಯೇ ಸಸ್ಯಾಹಾರವಾಗಿರುತ್ತದೆ. ಅವರು ಸಂಕೋಚದಿಂದ ಸುಮ್ಮನಿರುತ್ತಾರೆ. ಕರೆದುಕೊಂಡು ಹೋಗುವವನು ಮಾಂಸ ತಿನ್ನಬೇಕಾಗಿಲ್ಲ. ಎದುರಿಗೆ ಕುಳಿತು ಒಂದು ಲೋಟ ಮಜ್ಜಿಗೆ ಕುಡಿದರೆ ಯಾವ ಮಡಿಯೂ ಮುಳುಗುವುದಿಲ್ಲ. ಅಷ್ಟೂ ಆಗದಿದ್ದರೆ ಹೋಟೆಲಿನ ಬಾಗಿಲನ್ನಾದರೂ ತೋರಿಸಿ, ಹೊರಗೆ ಕಾದಿರಿ. ಕೇಳದೆ ತೀರ್ಮಾನಿಸುವುದಂತೂ ಬೇಡ. "ಏನು ಉಣ್ತೀರಿ, ದೊಡ್ಡಪ್ಪ?" ಎಂದು ಕೇಳುವುದಕ್ಕೆ ನಾಲಗೆಗೆ ಭಾರವೇನು?

ಮನೆಯಲ್ಲೇ ಬಡಿಸುತ್ತೇವಲ್ಲ ಎನ್ನುವವರು ಪುಣ್ಯವಂತರು. ಅವರ ಮೇಲೆ ನನ್ನ ಜಗಳವಿಲ್ಲ. ಗಂಡಹೆಂಡಿರಿಬ್ಬರೂ ಎಂಟು ಗಂಟೆಗೆ ಮನೆ ಬಿಡುವ ಈ ಊರಿನಲ್ಲಿ ಅದು ಎಲ್ಲರಿಗೂ ಆಗುವ ಮಾತಲ್ಲವೆಂದೇ ಹೋಟೆಲಿನ ಪ್ರಶ್ನೆ ಬಂದದ್ದು. "ಮುದ್ದೆ ಊರಿನಲ್ಲೇ ಉಣ್ಣುತ್ತಾರೆ, ಇಲ್ಲಿಯೂ ಅದೇ ಏಕೆ?" ಎಂದು ಕೇಳುವವರಿಗೆ ನನ್ನದೊಂದು ಮರುಪ್ರಶ್ನೆ: ದೆಹಲಿಗೆ ಹೋದ ಮೂರನೆಯ ದಿನ ಅನ್ನ ಸಾರಿಗಾಗಿ ಮದ್ರಾಸಿ ಹೋಟೆಲು ಹುಡುಕಿ ಆಟೋ ಹತ್ತುವವರು ಯಾರು?

ಮಕ್ಕಳು ಬಂದರೆ ದೋಸೆಯನ್ನೇ ಕೇಳುತ್ತಾರೆ, ಅದೂ ನಿಜ. ಕೊಡಿಸಿ. ಮಧ್ಯಾಹ್ನ ಒಂದು ಗಂಟೆಗೆ ಎಲ್ಲರಿಗೂ ಹೊಟ್ಟೆತುಂಬ ಊಟ ಹಾಕಿಸಿ, ಹಿರಿಯರನ್ನು ಎಲ್ಲಾದರೂ ನೆರಳಿನಲ್ಲಿ ಒಂದಿಷ್ಟು ಒರಗಿಕೊಳ್ಳಲು ಬಿಡಿ. ನಾಲ್ಕು ಗಂಟೆಯ ಮೇಲೆ ಗಾಂಧಿಬಜಾರಿಗೆ ಹೋದರೆ ಬೆಳಗಿನ ನೂಕುನುಗ್ಗಲೂ ಇರುವುದಿಲ್ಲ. ಶುಕ್ರವಾರ ಮಾತ್ರ ಹೋಗಬೇಡಿ. ಅಂದು ವಿದ್ಯಾರ್ಥಿ ಭವನಕ್ಕೆ ರಜೆ.