ಪಂಖಾ ಎಳೆಯುವವನಿಗೂ ಮಾತು ಬರುತ್ತೆ

ಇವತ್ತು ಸ್ವಲ್ಪ ದೂರದ ವಿಷಯ. ಇಂಗ್ಲೆಂಡಿನಲ್ಲಿ 16ರಿಂದ 18 ವಯಸ್ಸಿನ ಮಕ್ಕಳು ಓದೋದು ಸಿಕ್ಸ್ತ್ ಫಾರ್ಮ್. ನಮ್ಮ ಪಿಯುಸಿ ಇದ್ದ ಹಾಗೆ. ಸಾಮಾನ್ಯವಾಗಿ ಮೂರು ವಿಷಯ ಆರಿಸಿಕೊಂಡು, ಎರಡು ವರ್ಷ ಓದಿ, ಎ-ಲೆವೆಲ್ ಪರೀಕ್ಷೆ ಬರೀತಾರೆ. ಅದರಲ್ಲಿ ಇಂಗ್ಲಿಷ್ ಸಾಹಿತ್ಯವೂ ಒಂದು. ಅಲ್ಲಿ ನೆಲೆಸಿರುವ ನಮ್ಮ ಜನರ ಮಕ್ಕಳೂ ಈ ತರಗತಿಗಳಲ್ಲಿ ಕೂತಿದ್ದಾರೆ. ಅದಕ್ಕೇ ಬರೀತಿದ್ದೀನಿ.

ಈ ಕೋರ್ಸಿನಲ್ಲಿ ಕನಿಷ್ಠ 8 ಕೃತಿ ಓದಬೇಕು. ಮೂರು 1900ಕ್ಕಿಂತ ಹಿಂದಿನವು, ಅದರಲ್ಲೊಂದು ಶೇಕ್ಸ್‌ಪಿಯರ್. ಒಂದಾದರೂ 2000ದ ನಂತರದ್ದು. ಇದಕ್ಕೆ ನನ್ನ ತಕರಾರಿಲ್ಲ. ತಕರಾರು ಇರೋದು ಅನುವಾದದ ಬಗ್ಗೆ. ಓದುವ ಕೃತಿಗಳು ಹೆಚ್ಚುಕಡಿಮೆ ಎಲ್ಲವೂ ಇಂಗ್ಲಿಷಿನಲ್ಲೇ ಹುಟ್ಟಿದವು. ಅನುವಾದ ಒಳಗೆ ಬರಬೇಕಾದರೆ, ಆ ಕೃತಿ ಇಂಗ್ಲಿಷ್ ಸಾಹಿತ್ಯದ ಬೆಳವಣಿಗೆ ಮೇಲೆ ಪ್ರಭಾವ ಬೀರಿರಬೇಕು. ನಾರ್ವೆಯ ಇಬ್ಸೆನ್ ಈ ಬಾಗಿಲಿನಿಂದ ಒಳಗೆ ಬಂದಿದ್ದಾನೆ. ಸಂತೋಷ.

ಆದರೆ ದಲಿತ ಸಾಹಿತ್ಯ ಹುಟ್ಟಿದ್ದು ಮರಾಠಿಯಲ್ಲಿ, ಕನ್ನಡದಲ್ಲಿ, ತಮಿಳಿನಲ್ಲಿ, ಹಿಂದಿಯಲ್ಲಿ. 'ಊರುಕೇರಿ', 'ಕುಸುಮಬಾಲೆ', 'ಕರುಕ್ಕು', 'ಜೂಠನ್' ಎಲ್ಲಾ ಇಂಗ್ಲಿಷಿಗೆ ಹೋಗಿವೆ. ಇವು ನಮ್ಮ ಬದುಕಿನ ಮೇಲೆ ಬೀರಿದ ಪ್ರಭಾವ ಆ ಲೆಕ್ಕಕ್ಕೆ ಬರಲ್ಲ. ನಿಯಮದಲ್ಲಿ ಎಲ್ಲೂ ಜಾತಿಯ ಹೆಸರಿಲ್ಲ. ಹೊರಗೆ ಉಳಿಯೋರು ಮಾತ್ರ ಅದೇ ಕೇರಿಯವರು. ಈ ಥರದ ನಿಯಮಗಳ ಪರಿಚಯ ನಮಗೆ ಚೆನ್ನಾಗೇ ಇದೆ, ಅಲ್ವಾ?

ಹಾಗಾದರೆ ಅಲ್ಲಿ ಭಾರತ ಹೇಗೆ ಬರುತ್ತೆ? ಇ.ಎಂ. ಫಾರ್ಸ್ಟರ್‌ನ 'ಎ ಪ್ಯಾಸೇಜ್ ಟು ಇಂಡಿಯಾ' (1924) ಎ-ಲೆವೆಲ್ ತರಗತಿಗಳಲ್ಲಿ ಓದಿಸುವ ಕಾದಂಬರಿ. ಅದರ ಕೋರ್ಟ್ ದೃಶ್ಯದಲ್ಲಿ ಪಂಖಾ ಎಳೆಯುವವನೊಬ್ಬ ಇದ್ದಾನೆ. ಅಸ್ಪೃಶ್ಯ. ಅವನ ಮೈಕಟ್ಟಿನ ಅಂದವನ್ನು ಫಾರ್ಸ್ಟರ್ ಮೆಚ್ಚಿ ವರ್ಣಿಸುತ್ತಾನೆ. ವಕೀಲರು, ಸಾಹೇಬರು, ಸಾಕ್ಷಿಗಳು ಎಲ್ಲರೂ ಮಾತಾಡ್ತಾರೆ. ಇವನಿಗೆ ಒಂದೇ ಒಂದು ಮಾತಿಲ್ಲ. ಎಲ್ಲರೂ ಎದ್ದು ಹೋದ ಮೇಲೂ ಹಗ್ಗ ಎಳೀತಾನೇ ಇರ್ತಾನೆ. 1935ರಲ್ಲಿ ಮುಲ್ಕ್ ರಾಜ್ ಆನಂದ್ 'ಅನ್‌ಟಚಬಲ್' ಬರೆದಾಗ ಮುನ್ನುಡಿ ಬರೆದವನೂ ಇದೇ ಫಾರ್ಸ್ಟರ್. ಒಳ್ಳೆ ಮನಸ್ಸಿನವರೇ, ಇಲ್ಲ ಅನ್ನಲ್ಲ. ಆದರೆ ಬರೆದವರೂ ನಮ್ಮವರಲ್ಲ, ಮುನ್ನುಡಿ ಕೊಟ್ಟವರೂ ನಮ್ಮವರಲ್ಲ.

'ಲಂಡನ್ನಿನ ಹುಡುಗರಿಗೆ ಜಾತಿ ಯಾಕ್ರೀ?' ಅಂತ ಕೇಳೋರಿದ್ದಾರೆ. ಜಾತಿ ಅಲ್ಲಿಗೂ ವಿಮಾನ ಹತ್ತಿ ಹೋಗಿದೆ ಸ್ವಾಮಿ. ಬ್ರಿಟನ್ನಿನ 2010ರ ಸಮಾನತೆ ಕಾಯ್ದೆಯಲ್ಲಿ ಜಾತಿಯನ್ನೂ ಸೇರಿಸಬೇಕು ಅಂತ 2013ರಲ್ಲಿ ಪಾರ್ಲಿಮೆಂಟೇ ಒಪ್ಪಿತ್ತು. 2018ರಲ್ಲಿ ಸರ್ಕಾರ ಕೈಬಿಟ್ಟಿತು. ಕಾನೂನಿನಲ್ಲೂ ಜಾತಿಯ ಹೆಸರಿಲ್ಲ, ತರಗತಿಯಲ್ಲೂ ಇಲ್ಲ ಅಂದರೆ ಆ ಮಗು ತನಗಾದ ಅವಮಾನವನ್ನು ಯಾವ ಮಾತಿನಲ್ಲಿ ಹೇಳಬೇಕು?

ಇಂಗ್ಲಿಷ್ ಬೇಡ ಅಂತ ನಾನು ಹೇಳ್ತಿಲ್ಲ. ಬಾಬಾಸಾಹೇಬರು 1936ರಲ್ಲಿ 'ಜಾತಿ ವಿನಾಶ' ಬರೆದದ್ದು ಇಂಗ್ಲಿಷಿನಲ್ಲೇ. ಇಂಗ್ಲಿಷ್ ನಮ್ಮ ಆಯುಧ. ಅದಕ್ಕೇ ಈ ಕೋರ್ಸಿನಲ್ಲಿರೋ ಒಂದು ಕಿಟಕಿಯನ್ನು ತೋರಿಸಬೇಕು.

ಒಟ್ಟು ಅಂಕದಲ್ಲಿ ಶೇ. 20 ಕೋರ್ಸ್‌ವರ್ಕ್‌ಗೆ. ಮನೆಯಲ್ಲಿ ಕೂತು ಬರೆಯುವ ದೀರ್ಘ ಪ್ರಬಂಧ ಅದು. ಬೋರ್ಡಿನ ಷರತ್ತಿಗೆ ಒಳಪಟ್ಟು, ಟೀಚರ್ ಒಪ್ಪಿದರೆ, ವಿದ್ಯಾರ್ಥಿಯೇ ಕೃತಿ ಆರಿಸಬಹುದು. ಮೀನಾ ಕಂದಸಾಮಿಯವರ 'ದಿ ಜಿಪ್ಸಿ ಗಾಡೆಸ್' (2014) ನೇರ ಇಂಗ್ಲಿಷಿನಲ್ಲೇ ಬರೆದ ಕಾದಂಬರಿ. 1968ರ ಡಿಸೆಂಬರ್ 25ರಂದು ಕೀಳ್ವೆಣ್ಮಣಿಯಲ್ಲಿ 44 ದಲಿತರನ್ನು ಸುಟ್ಟು ಕೊಂದದ್ದೇ ಅದರ ವಸ್ತು. ಅನುವಾದದ ತಕರಾರು ಇದಕ್ಕೆ ಅಂಟಲ್ಲ. 2000ದ ನಂತರದ್ದೂ ಹೌದು.

ಅಲ್ಲಿರುವ ಅಕ್ಕ, ಅಣ್ಣಂದಿರಲ್ಲಿ ನನ್ನ ವಿನಂತಿ ಇಷ್ಟೇ: ಕೋರ್ಸ್‌ವರ್ಕ್‌ಗೆ ಕೃತಿ ಆರಿಸೋ ಮೊದಲು ಮಗನ, ಮಗಳ ಕೈಗೆ ಈ ಪುಸ್ತಕ ಕೊಡಿ. ಟೀಚರ್ ಹತ್ತಿರ ಹೋಗಿ ಕೇಳಿ. ಆಗಲ್ಲ ಅಂದರೆ ಯಾಕೆ ಅಂತ ಬರಹದಲ್ಲಿ ತಗೊಳ್ಳಿ. ಒಂದು ತರಗತಿಯಲ್ಲಿ ಒಬ್ಬ ಹುಡುಗಿ ಬರೆದರೂ ಸಾಕು, ಆ ಟೀಚರ್ ಓದಲೇಬೇಕಾಗುತ್ತೆ.

ಜೈ ಭೀಮ್.