ಕೈ ಯಾರದು, ಕಾಸು ಯಾರದು?

ಭೋಪಾಲದ ಜನ ಗಾಳಿಯಿಂದ ಸತ್ತರು ಎಂಬ ಮಾತನ್ನು ನಾವು ಒಪ್ಪುವುದಿಲ್ಲ. ಟೀವಿ ಪರದೆಯ ಮೇಲೆ ಬೆಳ್ಳನೆಯ ಹೊಗೆ ತೆವಳಿಕೊಂಡು ಬರುತ್ತದೆ, ಹಿಂದೆ ವಾದ್ಯಗಳು ಅಳುತ್ತವೆ, ನೋಡುತ್ತ ಕೂತವರ ಎದೆ ಡವಡವ ಅನ್ನುತ್ತದೆ, ಕೊನೆಗೆ ಆ ಹೊಗೆಯೇ ರಾಕ್ಷಸ ಅನ್ನಿಸಿಬಿಡುತ್ತದೆ. ಎಷ್ಟು ಅನುಕೂಲವಾದ ರಾಕ್ಷಸ ನೋಡಿ! ಹೊಗೆಗೆ ಷೇರುದಾರರಿಲ್ಲ. ಹೊಗೆಗೆ ಅಮೆರಿಕದಲ್ಲಿ ಬಂಗಲೆಯಿಲ್ಲ. ಹೊಗೆಯ ಮೇಲೆ ವಾರಂಟು ಹೊರಡಿಸಲು ಬರುವುದಿಲ್ಲ.

1984ರ ಡಿಸೆಂಬರ್ 2 ಕಳೆದು 3 ಆಗುವ ನಡುರಾತ್ರಿ ಯೂನಿಯನ್ ಕಾರ್ಬೈಡ್ ಕಾರ್ಖಾನೆಯ 610ನೇ ನಂಬರಿನ ಟ್ಯಾಂಕಿಗೆ ನೀರು ಹೊಕ್ಕು, ಸುಮಾರು 40 ಟನ್ ಮಿಥೈಲ್ ಐಸೊಸೈನೇಟ್ ಉಕ್ಕಿ ಹೊರಬಿತ್ತು. ಆ ವಿಷವನ್ನು ತಣ್ಣಗಿಡಬೇಕಾದ ಯಂತ್ರವನ್ನು ತಿಂಗಳುಗಳ ಹಿಂದೆಯೇ ನಿಲ್ಲಿಸಿದ್ದರು. ಸೋರಿದ ಅನಿಲವನ್ನು ತೊಳೆಯುವ ಯಂತ್ರ ಕೆಲಸಕ್ಕೆ ಸಿದ್ಧವಿರಲಿಲ್ಲ. ಸುಟ್ಟುಹಾಕುವ ಗೋಪುರ ರಿಪೇರಿಯ ನೆಪದಲ್ಲಿ ಸುಮ್ಮನೆ ನಿಂತಿತ್ತು. ಆ ಘಟಕದಲ್ಲಿ ಪಾಳಿಗೆ 12 ಜನ ದುಡಿಯುತ್ತಿದ್ದ ಕಡೆ 6 ಜನಕ್ಕೆ ಇಳಿಸಿದ್ದರು. ಇದೆಲ್ಲ ಗಾಳಿ ಮಾಡಿದ ಕೆಲಸವೆ? ಖರ್ಚು ಉಳಿಸಿರಿ ಎಂದು ಎಲ್ಲೋ ತಣ್ಣನೆಯ ಕೋಣೆಯಲ್ಲಿ ಕೂತು ಲೆಕ್ಕ ಬರೆದವರು ಮಾಡಿದ ಕೆಲಸ ಇದು. 1981ರ ಡಿಸೆಂಬರಿನಲ್ಲೇ ಅದೇ ಕಾರ್ಖಾನೆಯಲ್ಲಿ ಫಾಸ್ಜಿನ್ ಅನಿಲ ತಗುಲಿ ಒಬ್ಬ ಕೆಲಸಗಾರ ಸತ್ತಿದ್ದ. 1982ರಲ್ಲೇ ರಾಜ್‌ಕುಮಾರ್ ಕೇಸ್ವಾನಿ ಎಂಬ ಪತ್ರಕರ್ತ ತನ್ನ ಸಣ್ಣ ವಾರಪತ್ರಿಕೆಯಲ್ಲಿ ಈ ಊರನ್ನು ಉಳಿಸಿಕೊಳ್ಳಿ ಎಂದು ಬಾಯಿ ಬಡಿದುಕೊಂಡಿದ್ದ. ಸಣ್ಣ ಪತ್ರಿಕೆಯ ಮಾತು ಯಾರಿಗೆ ಬೇಕಾಗಿತ್ತು?

ಗೋಡೆಯ ಈಚೆಗೆ ಜೆ.ಪಿ. ನಗರ, ಕಾಜಿ ಕ್ಯಾಂಪ್, ಛೋಲಾ. ದಿನಗೂಲಿಗಳು, ಹಮಾಲರು, ಬೀಡಿ ಕಟ್ಟುವ ಹೆಂಗಸರು. ಬಡ ಮುಸ್ಲಿಮರು, ದಲಿತರು, ಹಿಂದುಳಿದವರು. ಊರಿಗೊಂದು ಹೊಲಗೇರಿ ಇರುವ ಹಾಗೆ ಕಾರ್ಖಾನೆಗೂ ಒಂದು ಕೇರಿ. ಕೇರಿಯ ಗಾಳಿ ಊರ ಮೇಲೆ ಬೀಸಬಾರದು ಎಂದು ದಿಕ್ಕು ನೋಡಿ ಕೇರಿ ಕಟ್ಟಿಸಿದ ದೇಶ ಕಣ್ರಪ್ಪಾ ಇದು. ಕಾರ್ಖಾನೆಯ ಗಾಳಿ ಕೇರಿಯ ಮೇಲೆ ಬೀಸಿದರೆ ಏನಾದೀತು ಎಂದು ಮಾತ್ರ ಯಾರೂ ದಿಕ್ಕು ನೋಡಲಿಲ್ಲ.

ಈ ರಾತ್ರಿಯನ್ನು ಕಥೆ ಮಾಡಿ 2023ರ ನವೆಂಬರ್ 18ರಂದು ನೆಟ್‌ಫ್ಲಿಕ್ಸಿನಲ್ಲಿ ‘ದಿ ರೈಲ್ವೇ ಮೆನ್’ ಎಂಬ ನಾಲ್ಕು ಕಂತಿನ ಧಾರಾವಾಹಿ ಬಿಟ್ಟರು. ಯಶ್‌ರಾಜ್‌ನವರದು, ನಿರ್ದೇಶಕ ಶಿವ್ ರವೈಲ್. ಹಾಸ್ಟೆಲಿನಲ್ಲಿ ಒಂದು ಮೊಬೈಲಿಗೆ ಐದು ತಲೆ ಕೂಡಿಸಿ ನಾವೂ ನೋಡಿದೆವು. ಕಣ್ಣಲ್ಲಿ ನೀರು ಬಂತು. ಬಂದದ್ದು ಸುಳ್ಳಲ್ಲ. ಕೇ ಕೇ ಮೆನನ್ ದೊಡ್ಡ ನಟ, ಅದರಲ್ಲಿ ಎರಡು ಮಾತಿಲ್ಲ. ಕಂಪನಿಯ ಹೊಣೆಗೇಡಿತನವನ್ನು ಧಾರಾವಾಹಿ ಮುಚ್ಚಿಡುವುದೂ ಇಲ್ಲ. ಕೇಸ್ವಾನಿಯ ಹೋಲಿಕೆಯ ಪತ್ರಕರ್ತನೊಬ್ಬ ಅದರಲ್ಲಿದ್ದಾನೆ. ಅದು ತೆರೆಗೆ ಬರಬಾರದು ಎಂದು ಬಾಂಬೆ ಹೈಕೋರ್ಟಿಗೆ ಹೋದವರು ಯಾರು ಗೊತ್ತೆ? ಭೋಪಾಲ ಪ್ರಕರಣದಲ್ಲಿ ತಪ್ಪಿತಸ್ಥರೆಂದು ತೀರ್ಪಾದ ಕಾರ್ಬೈಡಿನ ಮಾಜಿ ನೌಕರರಿಬ್ಬರು. ಕೋರ್ಟು ತಡೆ ಕೊಡಲಿಲ್ಲ. ಒಳ್ಳೆಯದಾಯಿತು. ಹೀಗಾಗಿ ಧಾರಾವಾಹಿ ಮಾಡಿದ್ದೇ ತಪ್ಪು ಎನ್ನುವ ಗುಂಪಿನಲ್ಲಿ ನಾವಿಲ್ಲ. ಸತ್ತವರನ್ನು ಮನರಂಜನೆಗೆ ಎಳೆಯಬಾರದು ಎಂದು ಮೂಗು ಮುರಿಯುವ ಮರ್ಯಾದಸ್ಥರ ಪೈಕಿಯೂ ಅಲ್ಲ. ನಮ್ಮ ಜಗಳ ಬೇರೆ.

ಆ ರಾತ್ರಿ ಭೋಪಾಲ ಸ್ಟೇಷನ್ನಿನಲ್ಲಿ ಗುಲಾಮ್ ದಸ್ತಗೀರ್ ಎಂಬ ಉಪ ಸ್ಟೇಷನ್ ಸೂಪರಿಂಟೆಂಡೆಂಟ್ ಇದ್ದರು. ಉಸಿರು ಕಟ್ಟುತ್ತಿದ್ದರೂ ತುಂಬಿನಿಂತ ಗೋರಖ್‌ಪುರದ ರೈಲನ್ನು ಹೊತ್ತಿಗೆ ಮುಂಚೆಯೇ ಹೊರಡಿಸಿ ನೂರಾರು ಜೀವ ಉಳಿಸಿದರು. ಆಮೇಲೆ ವಿಷದ ಗಂಟಲನ್ನು ಹೊತ್ತುಕೊಂಡೇ ಬದುಕಿ 2003ರಲ್ಲಿ ತೀರಿಹೋದರು. ಅಂಥವರಿಗೆ ನಮ್ಮದು ದೊಡ್ಡ ಸಲಾಮು. ಆದರೆ ಪರದೆಯ ಮೇಲೆ ಅವರ ಹೆಸರಿಲ್ಲ. ಅಲ್ಲಿರುವುದು ಇಫ್ತೆಕಾರ್ ಸಿದ್ದಿಕಿ. ಬದುಕು ಬೇಕು, ಹೆಸರು ಬೇಡ. ಜೊತೆಗೆ ಪೊಲೀಸ್ ವೇಷ ಹಾಕಿ ಸ್ಟೇಷನ್ನಿನ ತಿಜೋರಿ ದೋಚಲು ಬಂದು ಮನಸ್ಸು ತಿರುಗಿ ಒಳ್ಳೆಯವನಾಗುವ ಕಳ್ಳನೊಬ್ಬನನ್ನು ಹುಟ್ಟಿಸಿದರು. ಮೇಲಿನವರ ಮಾತು ಮೀರಿ ಭೋಪಾಲಕ್ಕೆ ನೆರವು ಒಯ್ಯುವ ಜನರಲ್ ಮ್ಯಾನೇಜರನ್ನು ತಂದರು. ಬಸ್ತಿಯ ಜನವೂ ಇದ್ದಾರೆ. ಕೆಮ್ಮಲು ಇದ್ದಾರೆ, ಓಡಲು ಇದ್ದಾರೆ, ಬೀಳಲು ಇದ್ದಾರೆ. ಕಥೆಯ ಗಾಲಿ ಮಾತ್ರ ಸಮವಸ್ತ್ರ ಉಟ್ಟವರ ಕೈಯಲ್ಲೇ ತಿರುಗುತ್ತದೆ.

ಇದು ಇವತ್ತಿನ ಕಾಯಿಲೆಯಲ್ಲ. ಬಿ.ಎಂ.ಶ್ರೀ. ಗ್ರೀಕರ ರುದ್ರನಾಟಕವನ್ನು ಕನ್ನಡಕ್ಕೆ ಇಳಿಸಿದಾಗ ಬಿದ್ದವನು ಯಾರು? ಒಂದು ಕಡೆ ಅಶ್ವತ್ಥಾಮ, ಇನ್ನೊಂದು ಕಡೆ ದುರ್ಯೋಧನ. ದೊಡ್ಡವನು ಬಿದ್ದರೆ ದುರಂತ. ಕುರುಕ್ಷೇತ್ರದಲ್ಲಿ ಹೆಣ ಹೊತ್ತವರು ಯಾರು ಎಂದು ನಮ್ಮ ಮೇಷ್ಟ್ರುಗಳೂ ಕೇಳಲಿಲ್ಲ, ಪರೀಕ್ಷೆಯಲ್ಲೂ ಬರಲಿಲ್ಲ. ಟೀವಿಯವರಿಗೆ ಇನ್ನೊಂದು ಕಷ್ಟ ಇದೆ: ಮಲಗಿದ್ದಲ್ಲೇ ಸತ್ತವನು ಏನೂ ಮಾಡುವುದಿಲ್ಲವಲ್ಲ, ಅವನನ್ನು ನಾಯಕ ಮಾಡುವುದು ಹೇಗೆ? ಆಗ ಕಾಪಾಡುವವನನ್ನು ಹುಡುಕುತ್ತಾರೆ. ಕಾಪಾಡುವವನು ಬಂದ ಕೂಡಲೇ ಕೊಂದವನು ಹಿಂದೆ ಸರಿಯುತ್ತಾನೆ. ನೋಡುವವರ ಪ್ರಶ್ನೆ ‘ಯಾಕೆ ಸತ್ತರು’ ಎಂಬಲ್ಲಿಂದ ‘ಎಷ್ಟು ಜನ ಉಳಿದರು’ ಎಂಬಲ್ಲಿಗೆ ಜಾರುತ್ತದೆ.

ಹಾಗಾದರೆ ಟೀವಿಯಲ್ಲಿ ಬೇರೆ ದಾರಿಯೇ ಇಲ್ಲವೆ? ಇದೆ. 1988ರ ಜನವರಿಯಲ್ಲಿ ಸರ್ಕಾರಿ ದೂರದರ್ಶನದಲ್ಲೇ ಬಂದಿತ್ತು. ಗೋವಿಂದ ನಿಹಲಾನಿಯ ‘ತಮಸ್’. ದೇಶ ವಿಭಜನೆಯ ಹೊತ್ತಿನ ಕಥೆ. ರಾವಲ್ಪಿಂಡಿಯ ಗಲಭೆಯನ್ನು ಹತ್ತಿರದಿಂದ ಕಂಡ ಭೀಷ್ಮ ಸಾಹ್ನಿಯ ಕಾದಂಬರಿ. ಅದು ವೈಸರಾಯನ ಬಂಗಲೆಯಿಂದ ಶುರುವಾಗುವುದಿಲ್ಲ, ನೆಹರೂ ಜಿನ್ನಾರಿಂದಲೂ ಅಲ್ಲ. ನತ್ಥು ಎಂಬ ಚಮ್ಮಾರನಿಂದ ಶುರುವಾಗುತ್ತದೆ. ಮುರಾದ್ ಅಲಿ ಎಂಬುವನು ಬಂದು ಪಶುವೈದ್ಯ ಸಾಹೇಬರಿಗೆ ಒಂದು ಹಂದಿ ಬೇಕಂತೆ, ಕೊಂದುಕೊಡು ಎಂದು ಐದು ರೂಪಾಯಿ ತುರುಕಿ ಹೋಗುತ್ತಾನೆ. ನತ್ಥು ಇಡೀ ರಾತ್ರಿ ಬೆವರು ಸುರಿಸಿ ಕೊಲ್ಲುತ್ತಾನೆ. ಬೆಳಗಾದರೆ ಆ ಹಂದಿ ಮಸೀದಿಯ ಮೆಟ್ಟಿಲ ಮೇಲೆ. ಊರಿಗೆ ಬೆಂಕಿ. ಹಂದಿ ಕೊಂದ ಕೈ ದಲಿತನದು. ಐದು ರೂಪಾಯಿ ಕೊಟ್ಟ ಕೈ ಯಾರದು? ಆ ಕೈಯ ಹಿಂದೆ ಇನ್ನಾರ ಕೈ? ಕಾದಂಬರಿಯ ಕೊನೆಗೆ ಶಾಂತಿ ಸಾರುವ ಬಸ್ಸು ಹೊರಡುತ್ತದೆ, ಅದರಲ್ಲಿ ಕೂತು ಘೋಷಣೆ ಕೂಗುವವನು ಅದೇ ಮುರಾದ್ ಅಲಿ! ‘ತಮಸ್’ ನಿಲ್ಲಿಸಿ ಎಂದೂ ಕೋರ್ಟಿಗೆ ಹೋದರು. ಬಾಂಬೆ ಹೈಕೋರ್ಟಿನ ನ್ಯಾಯಾಧೀಶರು ಕೂತು ನೋಡಿ ತೋರಿಸಿ ಎಂದರು, ಸುಪ್ರೀಂ ಕೋರ್ಟೂ ಹಾಗೇ ಹೇಳಿತು. ಓಂ ಪುರಿಯ ನತ್ಥುವನ್ನು ದೇಶ ಕಂಡಿತು.

ಈಗ ಭೋಪಾಲಕ್ಕೆ ಬನ್ನಿ. ಕಾರ್ಬೈಡಿನವರು ಜಗತ್ತಿಗೆಲ್ಲ ಹೇಳಿಕೊಂಡು ಬಂದ ಕಥೆ ಏನು? ಸಿಟ್ಟಾದ ಕೆಲಸಗಾರನೊಬ್ಬ ಬೇಕೆಂದೇ ಟ್ಯಾಂಕಿಗೆ ನೀರು ಬಿಟ್ಟ, ನಮ್ಮದೇನೂ ತಪ್ಪಿಲ್ಲ. ಕೇಳಿದಿರಾ? ನತ್ಥುವಿನ ಕೈ ಹಿಡಿದು ಜಗ್ಗಿದರು. ಕೂಲಿಯವನ ಕೈ ಯಾವತ್ತೂ ಎದುರಿಗೆ ಕಾಣುತ್ತದೆ, ಹಿಡಿಯಲು ಸುಲಭ. ನಿಲ್ಲಿಸಿದ ಶೈತ್ಯಯಂತ್ರಕ್ಕೆ, ಕಡಿಮೆ ಮಾಡಿದ ಕೆಲಸಗಾರರಿಗೆ ಸಹಿ ಹಾಕಿದ ಕೈ ಕಾಣುವುದಿಲ್ಲ. ಆ ಕೈಯಿಂದ ಈ ಕೈವರೆಗಿನ ದಾರಿಯನ್ನು ತೋರಿಸುವುದೇ ನಾಟಕದ ಕೆಲಸವಾಗಬೇಕಿತ್ತು. ಕಂಪನಿಯೆಂದರೆ ದೂರದ ಮಾತು ಅಂದುಕೊಳ್ಳಬೇಡಿ. ನಮ್ಮ ಹಟ್ಟಿಗಳಲ್ಲಿ ರಾತ್ರಿ ನೀರು ಕಟ್ಟಲು ಹೋಗುವವರ ಟಾರ್ಚಿಗೆ, ಚಿತ್ರಗೀತೆ ಕೇಳುವ ರೇಡಿಯೋಕ್ಕೆ ಹಾಕುತ್ತಿದ್ದ ಎವರೆಡಿ ಸೆಲ್ಲು ಆ ಕಾಲಕ್ಕೆ ಇದೇ ಯೂನಿಯನ್ ಕಾರ್ಬೈಡಿನದು. 1994ರಲ್ಲಿ ಭಾರತದ ಕಂಪನಿಯಲ್ಲಿದ್ದ ತನ್ನ ಪಾಲು ಮಾರಿ ಹೋದರು. ಅಲ್ಲಿಯವರೆಗೆ ನಮ್ಮಪ್ಪಂದಿರ ಕೂಲಿಯಲ್ಲೂ ಅವರಿಗೊಂದು ಪಾಲು ಹೋಗುತ್ತಿತ್ತು.

ಕಾಸಿನ ಲೆಕ್ಕವನ್ನೇ ಹೇಳೋಣ. ಕಾರ್ಬೈಡಿನ ಅಧ್ಯಕ್ಷ ವಾರನ್ ಆಂಡರ್ಸನ್ 1984ರ ಡಿಸೆಂಬರ್ 7ರಂದು ಭೋಪಾಲದಲ್ಲಿ ಬಂಧಿತನಾದ. ಅದೇ ದಿನ 25,000 ರೂಪಾಯಿ ಬಾಂಡ್ ಬರೆದುಕೊಟ್ಟು ಬಿಡುಗಡೆಯಾಗಿ ರಾಜ್ಯ ಸರ್ಕಾರದ ವಿಮಾನದಲ್ಲೇ ದೆಹಲಿಗೆ ಹಾರಿದ. ಮತ್ತೆ ಯಾವ ಕಟಕಟೆಯನ್ನೂ ಏರದೆ 2014ರಲ್ಲಿ ಅಮೆರಿಕದಲ್ಲಿ ಸತ್ತ. ಇತ್ತ 1985ರಲ್ಲಿ ಸರ್ಕಾರ ಕಾಯಿದೆ ಮಾಡಿ, ನೊಂದವರ ಪರವಾಗಿ ಮಾತಾಡುವ ಹಕ್ಕು ನನ್ನದೊಬ್ಬನದೇ ಎಂದಿತು. 330 ಕೋಟಿ ಡಾಲರ್ ಕೇಳಿದ ಅದೇ ಸರ್ಕಾರ 1989ರ ಫೆಬ್ರವರಿಯಲ್ಲಿ 47 ಕೋಟಿ ಡಾಲರಿಗೆ ರಾಜಿಯಾಯಿತು. ನೊಂದವರನ್ನು ಒಂದು ಮಾತು ಕೇಳಲಿಲ್ಲ. ಪುಪ್ಪುಸ ಸುಟ್ಟುಕೊಂಡ ಬಹುಪಾಲು ಜನಕ್ಕೆ ಮೊದಲು ಸಿಕ್ಕಿದ್ದು ಎಷ್ಟು? 25,000 ರೂಪಾಯಿ. ಧಣಿಯ ಬಾಂಡಿಗೂ ಅದೇ ರೇಟು, ಬಡವನ ಉಸಿರಿಗೂ ಅದೇ ರೇಟು. ಯಾವ ಚಿತ್ರಕಥೆಗಾರನಿಗೆ ಇದಕ್ಕಿಂತ ದೊಡ್ಡ ದೃಶ್ಯ ಬೇಕು ಹೇಳಿ.

‘ಇಷ್ಟಾದರೂ ತೋರಿಸಿದರಲ್ಲ, ನಿಮ್ಮ ವಯಸ್ಸಿನವರಿಗೆ ಭೋಪಾಲ ಗೊತ್ತಾದದ್ದೇ ಇದರಿಂದ’ ಎನ್ನುವವರಿದ್ದಾರೆ. ಇರಲಿ, ಆ ಮಾತಿನಲ್ಲಿ ಸತ್ಯವಿದೆ. ಪಠ್ಯಪುಸ್ತಕದ ಎರಡು ಸಾಲಿಗಿಂತ ಇದು ಮೇಲು. ಆದರೆ ಗೊತ್ತಾಗುವುದರಲ್ಲೂ ಬಗೆಯಿದೆ. 1977ರ ಮೇ 27ರಂದು ಬಿಹಾರದ ಬೆಲ್ಚಿಯಲ್ಲಿ 11 ಜನರನ್ನು ಕೊಂದು ಬೆಂಕಿಗೆ ಹಾಕಿದರು. 8 ಜನ ದಲಿತರು. ಆಗಸ್ಟಿನಲ್ಲಿ ಇಂದಿರಾ ಗಾಂಧಿ ಕೆಸರು ದಾಟಲು ಆನೆ ಏರಿ ಅಲ್ಲಿಗೆ ಹೋದರು. ಇವತ್ತು ಬೆಲ್ಚಿ ಎಂದರೆ ಓದಿದವರಿಗೆ ನೆನಪಿಗೆ ಬರುವುದು ಆನೆ. ಸತ್ತವರ ಒಂದು ಹೆಸರು ಹೇಳಿ ನೋಡೋಣ! ಅದೇ ಬೆಲ್ಚಿಯನ್ನು ನಮ್ಮ ಕರ್ನಾಟಕದಲ್ಲಿ ಸಿ.ಜಿ. ಕೃಷ್ಣಸ್ವಾಮಿ ‘ಸಮುದಾಯ’ದಿಂದ ಬೀದಿನಾಟಕ ಮಾಡಿ ಊರೂರಿಗೆ ಒಯ್ದರು. ರಂಗಮಂದಿರವಿಲ್ಲ, ಟಿಕೆಟ್ಟಿಲ್ಲ, ನೋಡುವವರ ಕಾಲಬುಡದಲ್ಲೇ ಆಟ. ಬಿಹಾರದ ಬೆಂಕಿಯನ್ನು ನೋಡಿದವನು ತನ್ನೂರಿನ ಗೌಡನ ಕಡೆ ತಿರುಗಿ ನೋಡಿದ. ಆನೆಯ ಮೇಲಿಂದ ಕಂಡ ಬೆಲ್ಚಿ ಬೇರೆ, ಬೀದಿಯಲ್ಲಿ ಕಂಡ ಬೆಲ್ಚಿ ಬೇರೆ. ‘ದಿ ರೈಲ್ವೇ ಮೆನ್’ ಎಷ್ಟೇ ಕಷ್ಟಪಟ್ಟು ತೆಗೆದಿದ್ದರೂ ಅದರ ಕ್ಯಾಮೆರಾ ಇರುವುದು ಆನೆಯ ಮೇಲೆ.

ಅವರಲ್ಲಿ ಹಣವಿದೆ, ಐದನೇ ಕಂತನ್ನೂ ತೆಗೆಯಲಿ. ಅದರಲ್ಲಿ ಕಳ್ಳ ಬೇಡ, ರೈಲೂ ಬೇಡ. ರಶೀದಾ ಬಿ, ಚಂಪಾದೇವಿ ಶುಕ್ಲಾ ಇರಲಿ. ಒಬ್ಬಾಕೆ ಮುಸ್ಲಿಂ, ಒಬ್ಬಾಕೆ ಹಿಂದೂ, ಇಬ್ಬರೂ ಸ್ಟೇಷನರಿ ಮಾಡುವ ಕೂಲಿಕಾರ್ತಿಯರು, ಇಬ್ಬರೂ ಆ ರಾತ್ರಿ ಉಸಿರು ಕಳೆದುಕೊಂಡು ಉಳಿದವರು. 1989ರಲ್ಲಿ ಸಂಘದ ಹೆಂಗಸರನ್ನು ಕಟ್ಟಿಕೊಂಡು ಕಾಲ್ನಡಿಗೆಯಲ್ಲಿ ದೆಹಲಿಗೆ ಹೋದವರು. ಕಾರ್ಬೈಡನ್ನು 2001ರಲ್ಲಿ ಡೌ ಕಂಪನಿ ಕೊಂಡಿತು, ಹಳೆಯ ಪಾಪ ನಮಗೆ ಸೇರಿದ್ದಲ್ಲ ಎಂದಿತು. ಈ ಹೆಂಗಸರು ಪೊರಕೆ ಎತ್ತಿಕೊಂಡರು. ಡೌಗೆ ಪೊರಕೆಯಿಂದ ಬಾರಿಸಿ ಎಂಬ ಚಳವಳಿಯನ್ನೇ ಮಾಡಿದರು. ನಮ್ಮ ಅವ್ವಂದಿರು ಊರ ಕಸ ಬಳಿಯಲೆಂದು ಕೊಟ್ಟ ಪೊರಕೆ ಅಮೆರಿಕದ ಕಂಪನಿಯ ಬಾಗಿಲಿಗೆ ಹೋಯಿತು! 2006ರಲ್ಲಿ, 2008ರಲ್ಲಿ ಭೋಪಾಲದ ಜನ ಮತ್ತೆ ದೆಹಲಿಗೆ ನಡೆದರು. ಸುಮಾರು 800 ಕಿಲೋಮೀಟರು, ಅರ್ಧ ಪುಪ್ಪುಸದಲ್ಲಿ. ಅದು ವೀರತ್ವ ಅಲ್ಲವೆ? ಒಂದು ರಾತ್ರಿಯ ವೀರತ್ವಕ್ಕೆ ನಾಲ್ಕು ಕಂತು, ನಲವತ್ತು ವರ್ಷದ ವೀರತ್ವಕ್ಕೆ ಒಂದು ಕಂತೂ ಇಲ್ಲವೆ?

ಅಬ್ದುಲ್ ಜಬ್ಬಾರ್ ಬರಲಿ ಅದರಲ್ಲಿ. ನೊಂದ ಹೆಂಗಸರಿಗೆ ಬರೀ ಪರಿಹಾರ ಸಾಲದು, ಕೆಲಸ ಬೇಕು ಎಂದು ಸಂಘ ಕಟ್ಟಿದವರು. 2019ರಲ್ಲಿ ತೀರಿಹೋದರು, ಪದ್ಮಶ್ರೀ ಬಂದದ್ದು ಆಮೇಲೆ. 2010ರ ಜೂನ್ 7ರ ಕೋರ್ಟು ಬರಲಿ: ಏಳು ಜನಕ್ಕೆ ಎರಡೆರಡು ವರ್ಷ ಶಿಕ್ಷೆ, ಅವತ್ತೇ ಜಾಮೀನು, ಹೊರಗೆ ಎದೆ ಬಡಿದುಕೊಳ್ಳುವ ಮುದುಕಿಯರು. 2023ರ ಮಾರ್ಚ್ 14 ಬರಲಿ: ಹೆಚ್ಚಿನ ಪರಿಹಾರ ಕೇಳಿದ ಅರ್ಜಿಯನ್ನು ಸುಪ್ರೀಂ ಕೋರ್ಟು ತಳ್ಳಿಹಾಕಿದ ದಿನ. ಅದಾಗಿ ಎಂಟು ತಿಂಗಳಿಗೇ ಧಾರಾವಾಹಿ ಬಂತು, ದೇಶ ಅತ್ತಿತು. ಆ ಮಾರ್ಚಿನಲ್ಲಿ ಯಾರು ಅತ್ತರು?

ಕೊನೆಯ ದೃಶ್ಯವನ್ನು ಬರೆಯುವ ಕಷ್ಟವೂ ಇಲ್ಲ, ಅದು ನಡೆದುಹೋಗಿದೆ. 2025ರ ಜನವರಿ 1ರ ರಾತ್ರಿ, ನಲವತ್ತು ವರ್ಷ ಕಾರ್ಖಾನೆಯೊಳಗೆ ಬಿದ್ದಿದ್ದ ಮುನ್ನೂರಕ್ಕೂ ಹೆಚ್ಚು ಟನ್ ವಿಷದ ಕಸವನ್ನು 12 ಕಂಟೇನರಿನಲ್ಲಿ ತುಂಬಿ, ಪೊಲೀಸ್ ಕಾವಲಿನಲ್ಲಿ ಪೀಥಂಪುರದ ಕಡೆ ಹೊರಡಿಸಿದರು, ಅಲ್ಲಿ ಸುಡಲು. ಕಾರ್ಖಾನೆಯ ಸುತ್ತಲ ಮಣ್ಣಿಗೆ, ಬೋರಿನ ನೀರಿಗೆ ಇಳಿದ ವಿಷ ಅಲ್ಲೇ ಉಳಿಯಿತು. ಪೀಥಂಪುರದ ಜನ ನಮಗ್ಯಾಕೆ ಈ ಬೂದಿ ಎಂದು ಬೀದಿಗಿಳಿದರು. ಅವರ ಮೇಲೆ ಲಾಠಿ ಬಿತ್ತು.