ಲೇಶ್ಯೆಯ ಮರವೂ ಕಾಡಿನ ನೆಲ್ಲಿಯೂ

ಶ್ರವಣಬೆಳಗೊಳದ ಜೈನಮಠದ ಭಿತ್ತಿಚಿತ್ರಗಳಲ್ಲಿ ಒಂದು ಮರವಿದೆ. ಆ ಮರದೊಡನೆ ಆರು ಜನರಿದ್ದಾರೆ. ದರ್ಶನಕ್ಕೆ ಬಂದವರಲ್ಲಿ ಹಲವರು ಅದನ್ನು ಕಾಡಿನ ಒಂದು ದೃಶ್ಯವೆಂದು ನೋಡಿ ಮುಂದೆ ನಡೆಯುತ್ತಾರೆ. ಅದು ಷಡ್ಲೇಶ್ಯೆಗಳ ಚಿತ್ರ. ಚಾವುಂಡರಾಯನ ಗುರುಗಳಾದ ನೇಮಿಚಂದ್ರ ಸಿದ್ಧಾಂತ ಚಕ್ರವರ್ತಿಗಳು ಗೊಮ್ಮಟಸಾರದ ಜೀವಕಾಂಡದಲ್ಲಿ ಈ ದೃಷ್ಟಾಂತವನ್ನು ಹೇಳಿದ್ದಾರೆ. ಕಾಡಿನಲ್ಲಿ ದಾರಿ ತಪ್ಪಿದ ಆರು ಪಥಿಕರು ಫಲಭರಿತವಾದ ಮರವೊಂದನ್ನು ಕಾಣುತ್ತಾರೆ. ಹಸಿವು ಆರು ಮಂದಿಗೂ ಒಂದೇ. ಕೃಷ್ಣಲೇಶ್ಯೆಯವನು ಮರವನ್ನು ಬೇರುಸಹಿತ ಕೀಳಬೇಕೆಂದು ಬಗೆಯುತ್ತಾನೆ. ನೀಲಲೇಶ್ಯೆಯವನು ಕಾಂಡವನ್ನು, ಕಾಪೋತಲೇಶ್ಯೆಯವನು ದೊಡ್ಡ ಕೊಂಬೆಗಳನ್ನು, ಪೀತಲೇಶ್ಯೆಯವನು ಸಣ್ಣ ರೆಂಬೆಗಳನ್ನು ಕಡಿಯಲು ಬಯಸುತ್ತಾನೆ. ಪದ್ಮಲೇಶ್ಯೆಯವನಿಗೆ ಹಣ್ಣನ್ನಷ್ಟೇ ಬಿಡಿಸಿಕೊಂಡರೆ ಸಾಕು. ಶುಕ್ಲಲೇಶ್ಯೆಯವನು ತಾನಾಗಿ ನೆಲಕ್ಕೆ ಬಿದ್ದುದನ್ನು ಆಯ್ದು ತಿನ್ನಲು ಒಪ್ಪುತ್ತಾನೆ. ಯಾರೂ ಇನ್ನೂ ಕೈಯೆತ್ತಿಲ್ಲ. ಮನಸ್ಸು ಬಗೆದುದರಿಂದಲೇ ಜೀವಕ್ಕೆ ಬಣ್ಣ ಅಂಟಿದೆ.

ಪ್ರವಚನಗಳಲ್ಲಿ ಇದನ್ನು ಕೇಳದ ಶ್ರಾವಕರು ವಿರಳ. ಆದರೂ ಅದರಲ್ಲಿ ಸುಲಭವಾಗಿ ಕಣ್ತಪ್ಪುವ ಪದವೊಂದಿದೆ: ಪಥಿಕರು. ಅವರು ಆ ಮರದ ಬಳಿಗೆ ಮರಳಿ ಬರುವವರಲ್ಲ. ಬರುವ ವರ್ಷ ಮರ ಫಲ ಬಿಟ್ಟರೂ ಬಿಡದಿದ್ದರೂ ಅವರಿಗೆ ಲಾಭವಿಲ್ಲ, ನಷ್ಟವಿಲ್ಲ. ಹಾಗಾಗಿ ಶುಕ್ಲಲೇಶ್ಯೆಯವನ ಸಂಯಮದ ಹಿಂದೆ ನಾಳೆಯ ಲೆಕ್ಕಾಚಾರವಿಲ್ಲ, ಇರುವುದು ದಯೆಯೊಂದೇ. ಮರದ ನೆರಳಿನಲ್ಲೇ ಹುಟ್ಟಿ ಅಲ್ಲಿಯೇ ಬಾಳುವವರ ಪ್ರಶ್ನೆ ಬೇರೆ. ಅವರಿಗೆ ಇಂದಿನ ಹಸಿವೂ ಇದೆ, ನಾಳೆಯ ಹಸಿವೂ ಇದೆ. ಎರಡೂ ಒಂದೇ ಮರವನ್ನು ನಂಬಿವೆ.

ಚಾಮರಾಜನಗರ ಜಿಲ್ಲೆಯನ್ನು ಜೈನರು ಕನಕಗಿರಿಯಿಂದ, ಪೂಜ್ಯಪಾದರು ತಪಸ್ಸು ಮಾಡಿದರೆಂಬ ಪ್ರತೀತಿಯಿಂದ ಬಲ್ಲರು. ಅದೇ ಜಿಲ್ಲೆಯ ಬಿಳಿಗಿರಿರಂಗನ ಬೆಟ್ಟದ ಪೋಡುಗಳಲ್ಲಿ ಸೋಲಿಗರಿದ್ದಾರೆ. ರಂಗನಾಥನು ತಮ್ಮ ಕುಲದ ಕನ್ಯೆಯನ್ನು ವರಿಸಿದನೆಂದು ನಂಬಿ ದೇವರನ್ನೇ ಭಾವನೆಂದು ಕರೆಯುವ ಜನ. ದೊಡ್ಡ ಸಂಪಿಗೆಯ ಮರವನ್ನು ದೇವರೆಂದು ಪೂಜಿಸುವ ಜನ. ಕಾಡಿನ ನೆಲ್ಲಿ, ಸೀಗೆ, ಅಂಟುವಾಳ, ಕಲ್ಲುಹೂವು, ಜೇನುಗಳನ್ನು ಸಂಗ್ರಹಿಸಿ ಸಹಕಾರ ಸಂಘಕ್ಕೆ ಮಾರುವುದು ಅವರ ಜೀವನೋಪಾಯಗಳಲ್ಲಿ ಒಂದು. ಮಧುತ್ಯಾಗವು ಶ್ರಾವಕರ ಮೂಲಗುಣಗಳಲ್ಲಿ ಸೇರಿರುವುದರಿಂದ ಜೇನಿನ ವಿಚಾರ ಇಲ್ಲಿ ಬೇಡ, ನೆಲ್ಲಿಯನ್ನಷ್ಟೇ ನೋಡಬಹುದು.

ಚಳಿಗಾಲದಲ್ಲಿ ನೆಲ್ಲಿ ಬಲಿಯುತ್ತದೆ. ಕೊಯ್ಯುವವನ ಮುಂದೆ ಆಗ ಗೊಮ್ಮಟಸಾರದ ಆಯ್ಕೆಗಳೇ ನಿಲ್ಲುತ್ತವೆ. ಮರ ಹತ್ತಿ ಕಾಯಿಗಳನ್ನು ಬಿಡಿಸುವುದು ನಿಧಾನದ ಕೆಲಸ. ಕೊಂಬೆಯನ್ನೇ ಕಡಿದು ಕೆಡವಿದರೆ ಬುಟ್ಟಿ ಬೇಗ ತುಂಬುತ್ತದೆ, ಆದರೆ ಆ ಕೊಂಬೆ ಮತ್ತೆ ಫಲ ಕೊಡಲು ವರ್ಷಗಳು ಬೇಕು. ನೆಲಕ್ಕೆ ಬಿದ್ದುದನ್ನೆಲ್ಲ ಆಯ್ದುಕೊಳ್ಳುವುದೂ ಇಲ್ಲಿ ಪೂರ್ಣ ನಿರ್ದೋಷವಲ್ಲ. ಅದು ಜಿಂಕೆಯ, ಕಾಡುಕುರಿಯ ಆಹಾರ. ಅವು ತಿಂದು ಉಗುಳಿದ ಬೀಜದಿಂದಲೇ ಹೊಸ ನೆಲ್ಲಿ ಮೊಳೆಯಬೇಕು. ಸೋಲಿಗರ ಹಿರಿಯರು ಮರವನ್ನು ಬರಿದು ಮಾಡದೆ ಮೃಗಪಕ್ಷಿಗಳ ಪಾಲನ್ನು ಉಳಿಸಬೇಕೆಂದು ಹೇಳುತ್ತ ಬಂದಿರುವುದು ಈ ಅರಿವಿನಿಂದ. ಜೀವಗಳು ಒಂದಕ್ಕೊಂದು ಉಪಕಾರಿಗಳೆಂಬ ಉಮಾಸ್ವಾಮಿಗಳ ಸೂತ್ರವನ್ನು ಅವರು ಓದಿರಬೇಕಾಗಿಲ್ಲ.

ಇನ್ನೊಂದು ಸಂಗತಿಯುಂಟು. ಈ ಬೆಟ್ಟಗಳ ನೆಲ್ಲಿಮರಗಳಿಗೆ ಬದನಿಕೆ ಹತ್ತಿ ಅನೇಕ ಮರಗಳು ಸೊರಗಿವೆ. ಕಾಯಿ ಕೊಯ್ಯುವಾಗಲೇ ಬದನಿಕೆಯನ್ನೂ ಕಿತ್ತು ಹಾಕಿದರೆ ಮರ ಚೇತರಿಸಿಕೊಳ್ಳಬಹುದು. ಆದರೆ ಸಂಗ್ರಾಹಕನಿಗೆ ಹಣ ಸಿಗುವುದು ಕಿಲೋ ಲೆಕ್ಕದಲ್ಲಿ, ಕಾಯಿಗೆ ಮಾತ್ರ. ಬದನಿಕೆ ಕೀಳಲು ಕಳೆದ ಹೊತ್ತು ಅವನ ಇಂದಿನ ಗಳಿಕೆಯನ್ನು ಕುಗ್ಗಿಸುತ್ತದೆ. ಅದರ ಫಲ ಮುಂದಿನ ವರ್ಷಗಳದ್ದು, ಅದೂ ಆ ಮರಕ್ಕೆ ಮೊದಲು ಬಂದವನದ್ದು. ಮನೆಯಲ್ಲಿ ರಾಗಿ ಮುಗಿದಿದ್ದರೆ, ಮಗುವಿಗೆ ಜ್ವರ ಬಂದಿದ್ದರೆ, ಸಾಲ ಕೊಟ್ಟವನು ಬಾಗಿಲಲ್ಲಿ ನಿಂತಿದ್ದರೆ ಯಾರು ತಾನೇ ಬದನಿಕೆಯ ಕಡೆ ಕಣ್ಣೆತ್ತಿ ನೋಡುತ್ತಾರೆ? ಕಾಡಿನ ಜನರಿಗೆ ಮುಂದಾಲೋಚನೆ ಕಡಿಮೆ, ಕೈಗೆ ಸಿಕ್ಕಿದ್ದನ್ನು ಅಂದೇ ಮುಗಿಸುತ್ತಾರೆ ಎಂಬ ಮಾತು ಪಟ್ಟಣಗಳಲ್ಲಿ ಆಗಾಗ ಕೇಳಿಬರುತ್ತದೆ. ಆಡುವವರ ಉಗ್ರಾಣದಲ್ಲಿ ಮೂರು ತಿಂಗಳ ಅಕ್ಕಿ ಇರುತ್ತದೆ.

ಬಡತನಕ್ಕಿಂತಲೂ ಹೆಚ್ಚಾಗಿ ಮನಸ್ಸನ್ನು ಕದಡುವುದು ನಾಳೆಯ ಅನಿಶ್ಚಿತತೆ. 1974ರಲ್ಲಿ ಬೆಟ್ಟ ವನ್ಯಧಾಮವಾಯಿತು. ಕಾಡಿನೊಳಗೆ ಸೋಲಿಗರ ಬೇಸಾಯ, ಬೇಟೆ, ಅಲೆದಾಟ ಕೊನೆಗೊಂಡವು. ಬೇಟೆ ನಿಂತುದಕ್ಕೆ ಅಹಿಂಸಾಧರ್ಮಿಗಳು ಮರುಗಬೇಕಾಗಿಲ್ಲ. ಆದರೆ ಈ ಶತಮಾನದ ಮೊದಲ ದಶಕದಲ್ಲಿ, ವನ್ಯಜೀವಿ ಕಾಯ್ದೆಯ ತಿದ್ದುಪಡಿಯ ಬಳಿಕ, ನೆಲ್ಲಿಯಂತಹ ಕಿರು ಉತ್ಪನ್ನಗಳನ್ನು ಮಾರಾಟಕ್ಕಾಗಿ ಸಂಗ್ರಹಿಸುವುದಕ್ಕೂ ತಡೆ ಬಿತ್ತು. 2006ರ ಅರಣ್ಯ ಹಕ್ಕು ಕಾಯ್ದೆ ಬಂದು, 2011ರಲ್ಲಿ ಬೆಟ್ಟವು ಹುಲಿ ಮೀಸಲು ಅರಣ್ಯವೆಂದು ಘೋಷಿತವಾಯಿತು. ಅದೇ ವರ್ಷ ಪೋಡುಗಳ ಗ್ರಾಮಸಭೆಗಳಿಗೆ ಸಮುದಾಯ ಹಕ್ಕುಪತ್ರಗಳೂ ದೊರೆತವು. ಆ ನಡುವಿನ ವರ್ಷಗಳಲ್ಲಿ, ಬರುವ ಚಳಿಗಾಲಕ್ಕೆ ಈ ಮರದ ಬಳಿಗೆ ಬರಲು ತನಗೆ ಅನುಮತಿ ಇರುವುದೋ ಇಲ್ಲವೋ ಎಂದು ತಿಳಿಯದ ಮನುಷ್ಯನ ಸ್ಥಿತಿ ಎಂತಹುದು? ತಲೆಮಾರುಗಳಿಂದ ಅಲ್ಲಿಯೇ ಬಾಳಿದವನು ತನ್ನ ಕಾಡಿನಲ್ಲೇ ದಾರಿ ತಪ್ಪಿದ ಪಥಿಕನಾಗುತ್ತಾನೆ. ಪಥಿಕನಾದವನಿಗೆ ಕೊಂಬೆ ಉಳಿಸಲು ದಯೆಯ ಹೊರತು ಬೇರೆ ಕಾರಣವಿಲ್ಲ. ಹಸಿದವನಿಂದ ಶುಕ್ಲಲೇಶ್ಯೆಯನ್ನು ನಿರೀಕ್ಷಿಸುವುದು ಸುಲಭ. ತುಂಬಿದ ಹೊಟ್ಟೆಯವರಿಗಂತೂ ಬಹಳ ಸುಲಭ.

ಮುಂದಿನ ಫಲಕ್ಕಾಗಿ ಇಂದು ತಡೆದುಕೊಳ್ಳುವುದು ಜೈನದೃಷ್ಟಿಯಲ್ಲಿ ಧರ್ಮವೇ, ಅಥವಾ ಅದೂ ಒಂದು ಆಸೆಯೇ ಎಂಬ ಶಂಕೆ ಇಲ್ಲಿ ಮೂಡುವುದು ಸಹಜ. ಮಾಯೆ, ಮಿಥ್ಯಾತ್ವ, ನಿದಾನ ಎಂಬ ಮೂರು ಶಲ್ಯಗಳನ್ನು ಕಿತ್ತೊಗೆದವನೇ ವ್ರತಿ ಎಂಬುದು ತತ್ತ್ವಾರ್ಥಸೂತ್ರದ ನಿಲುವು. ತಪಸ್ಸನ್ನು ಮುಂದಿನ ಭೋಗಕ್ಕೆ ಬೆಲೆಯಾಗಿ ಕಟ್ಟುವುದು ನಿದಾನ. ಇಂದು ಉಪವಾಸ ಮಾಡಿ ನಾಳೆ ಸ್ವರ್ಗಸುಖವನ್ನು ಕೇಳುವವನು ಸಂಯಮಿಯಲ್ಲ, ವ್ಯಾಪಾರಿ. ಆದರೆ ಗೃಹಸ್ಥನು ಮಕ್ಕಳ ನಾಳೆಯ ಅನ್ನಕ್ಕಾಗಿ ಮರವನ್ನು ಉಳಿಸುವುದನ್ನು ಈ ಶಲ್ಯದೊಡನೆ ಸೇರಿಸುವುದು ಸರಿಯಲ್ಲ. ಅಣುವ್ರತಿಗೆ ವಿಧಿಸಿದುದು ಪರಿಗ್ರಹದ ಪರಿಮಾಣ, ಪೂರ್ಣ ತ್ಯಾಗವಲ್ಲ. ಇಷ್ಟು ಸಾಕು ಎಂದು ಗೆರೆ ಎಳೆಯುವವನಿಗೆ ನಾಳೆಯ ಅಗತ್ಯದ ಅರಿವು ಇದ್ದೇ ಇರುತ್ತದೆ. ಇನ್ನು ಜಿಂಕೆಗೆಂದು ಬಿಟ್ಟ ನೆಲ್ಲಿಯಲ್ಲಿ ಬಿಟ್ಟವನಿಗೆ ಯಾವ ಲಾಭವನ್ನು ಹುಡುಕುವುದು? ಅರಣ್ಯವಾಸಿಗಳು ಇಂದಿನ ಎಷ್ಟನ್ನು ನಾಳೆಯ ಎಷ್ಟಕ್ಕೆ ಬಿಟ್ಟುಕೊಡುವರೆಂದು ಅಳೆಯುವ ಲೆಕ್ಕಗಳಲ್ಲಿ ಈ ಪಾಲಿಗೆ ಕಲಮು ಇಲ್ಲ.

ಈ ವಿಷಯ ಶ್ರಾವಕರ ಮನೆಯಿಂದ ದೂರದ್ದೆಂದು ತೋರಬಹುದು. ಆದರೆ ಹಿಂಸೆಯನ್ನು ಕೃತ, ಕಾರಿತ, ಅನುಮೋದಿತವೆಂದು ವಿಂಗಡಿಸಿದ ಧರ್ಮದಲ್ಲಿ ದೂರವೆಂಬುದು ಅಷ್ಟು ಸುಲಭದ ನೆಪವಲ್ಲ. ವನಜೀವಿಕೆಯನ್ನೂ ಅಂಗಾರಜೀವಿಕೆಯನ್ನೂ ತ್ಯಾಜ್ಯವೆಂದ ಆಚಾರ್ಯರ ಮಾತಿಗೆ ಅನುಸಾರವಾಗಿ ಮರ ಕಡಿಯುವ, ಇದ್ದಿಲು ಸುಡುವ ವ್ಯಾಪಾರದಿಂದ ದೂರ ಉಳಿದ ಕುಟುಂಬಗಳು ಅನೇಕ. ಅವರ ಮನೆಗಳಿಗೂ ನೆಲ್ಲಿಯ ಚೂರ್ಣ, ಒಣನೆಲ್ಲಿ, ಸೀಗೆಪುಡಿ ಬರುತ್ತವೆ. ಅತಿ ಅಗ್ಗಕ್ಕೆ ಬೇಕು, ಈಗಲೇ ಬೇಕು ಎಂಬ ಬೇಡಿಕೆ ಅಂಗಡಿಯಿಂದ ವರ್ತಕನಿಗೆ, ವರ್ತಕನಿಂದ ಸಂಗ್ರಾಹಕನಿಗೆ ಇಳಿದು, ಕೊನೆಗೆ ಕೊಂಬೆಯ ಮೇಲೆ ಕತ್ತಿಯಾಗಿ ಬೀಳುತ್ತದೆ. ಕತ್ತಿ ಹಿಡಿದವನ ಲೇಶ್ಯೆ ಕಪ್ಪಿಗೆ ತಿರುಗುವುದಾದರೆ, ಅವಸರಪಡಿಸಿದವನದ್ದು ಬಿಳಿಯಾಗಿಯೇ ಉಳಿಯಿತೆಂದು ಯಾವ ಆಗಮದ ಆಧಾರದಿಂದ ಹೇಳುವುದು?

ದಶಲಕ್ಷಣ ಪರ್ವದಲ್ಲಿ ತ್ಯಾಗಧರ್ಮದ ದಿನ ದಾನದ ಪಟ್ಟಿಗಳು ಉದ್ದವಾಗುತ್ತವೆ. ಆಹಾರ, ಔಷಧ, ಶಾಸ್ತ್ರ, ಅಭಯ ಎಂಬ ನಾಲ್ಕು ದಾನಗಳಲ್ಲಿ ಕೊನೆಯದನ್ನು ಬಹುಪಾಲು ಗೋಶಾಲೆಗಳಿಗೆ ಮೀಸಲಿಡಲಾಗಿದೆ. ಬರುವ ಚಳಿಗಾಲದಲ್ಲಿಯೂ ಈ ಮರ ನಿನ್ನ ಪಾಲಿನದೇ, ಬದನಿಕೆ ಕಿತ್ತ ಹೊತ್ತಿಗೂ ಕೂಲಿಯುಂಟು, ಕಾಯಿ ಬಲಿಯುವವರೆಗೆ ಕಾಯಬಹುದು, ಸಾಲದವನು ಅದುವರೆಗೆ ಬಾಗಿಲಿಗೆ ಬರಲಾರ ಎಂದು ಒಬ್ಬ ಸಂಗ್ರಾಹಕನಿಗೆ ಭರವಸೆ ದೊರೆಯುವಂತೆ ಮಾಡುವುದೂ ಅಭಯದಾನದೊಳಗೆ ಸೇರುತ್ತದೆ. ಅದಕ್ಕೆ ತಗಲುವ ಖರ್ಚು ಒಂದು ಕಿಲೋ ನೆಲ್ಲಿಯ ಮೇಲೆ ಕೆಲವು ರೂಪಾಯಿ ಹೆಚ್ಚಾದೀತು.